ಒರೆಯೊಳಗಿನ ಪಿಸ್ತೂಲು, ಗೋಡೆಯ ಮೇಲಿನ ಕೋವಿ



ಕಳೆದ ಮಳೆಗಾಲದಲ್ಲಿ ಕಡಬ ತಾಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕು ಸ್ವಸಹಾಯ ಸಂಘಗಳ ಸದಸ್ಯೆಯರು ಒಟ್ಟು ಸೇರಿದ್ದರು. ವಾರದ ಉಳಿತಾಯ, ಸಾಲದ ಕಂತು, ನಿರ್ಣಯ ಪುಸ್ತಕದ ಸಹಿ ಎಲ್ಲ ಮುಗಿದು ಚಹಾ ಬರುವ ಹೊತ್ತಿಗೆ ಒಬ್ಬ ತರುಣಿ ನನ್ನ ಹತ್ತಿರ ಬಂದು ಕುಳಿತಳು. "ಟೀಚರೇ, ಹೆಂಗಸರಿಗೆ ಅಂತಲೇ ಚಿಕ್ಕ ಪಿಸ್ತೂಲು ಉಂಟಂತಲ್ಲ? ಬಟ್ಟೆಯ ಒಳಗೆ ಯಾರಿಗೂ ಕಾಣದ ಹಾಗೆ ಇಟ್ಟುಕೊಳ್ಳಬಹುದಂತೆ. ಅದಕ್ಕೆ ಎಷ್ಟಾಗ್ತದೆ? ಸಂಘದಿಂದ ಸಾಲ ಸಿಗಬಹುದಾ?" ಎಂದು ಕೇಳಿದಳು. ಸುತ್ತ ಇದ್ದವರೆಲ್ಲ ನಕ್ಕರು. ನಗದೆ ಉಳಿದವರು ಇಬ್ಬರೇ. ಒಬ್ಬಳು ಕೇಳಿದವಳು, ಇನ್ನೊಬ್ಬಳು ಅವಳ ಪಕ್ಕದ ಮನೆಯವಳು.

ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. "ಅದೆಲ್ಲ ನಮಗೆ ಯಾಕೆ ಮಗಾ" ಎಂದು ಹಾರಿಸಿಬಿಟ್ಟೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ಹೇಳಬಾರದ ಮಾತು ಅದು. ಹೆಣ್ಣೊಬ್ಬಳು ಪಿಸ್ತೂಲಿನ ಬೆಲೆ ಕೇಳುತ್ತಾಳೆಂದರೆ ಅವಳ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಮೊದಲು ಕೇಳಬೇಕಾಗಿತ್ತು. ಆ ಪ್ರಶ್ನೆಗೆ ತಡವಾಗಿಯಾದರೂ ಈ ಸಂಚಿಕೆಯಲ್ಲಿ ಪೂರ್ತಿಯಾಗಿ ಉತ್ತರಿಸಬೇಕೆಂದುಕೊಂಡಿದ್ದೇನೆ.

ಮೊದಲು ಕೇಳಿದ್ದಕ್ಕೆ ಉತ್ತರ. ಹೌದು, ಅಂಥದ್ದು ಉಂಟು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದಿಂದ ಇಡೀ ದೇಶವೇ ತಲ್ಲಣಿಸಿತು. ಆನಂತರ 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆಯಿಂದ 'ನಿರ್ಭೀಕ್' ಎಂಬ ರಿವಾಲ್ವರ್ ಹೊರಬಂತು. ತೂಕ ಸುಮಾರು ಅರ್ಧ ಕಿಲೋ, .32 ಬೋರು, ಆರು ಗುಂಡು. ಆಗಿನ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಒಡವೆ ಇಡುವಂಥ ಪೆಟ್ಟಿಗೆಯಲ್ಲಿ ಅದನ್ನು ಇಟ್ಟು ಮಾರಿದರು. ಹೆಣ್ಣಿಗೆ ಕೊಡುವುದು ಬಂದೂಕೇ ಆದರೂ ಒಡವೆಯ ಪೆಟ್ಟಿಗೆಯಲ್ಲೇ ಕೊಡಬೇಕು ಎಂದು ಯಾರಿಗೆ ಹೊಳೆಯಿತೋ ತಿಳಿಯದು. ಬೀಡಿ ಕಟ್ಟಿ, ಅಡಿಕೆ ಸುಲಿದು, ಮಲ್ಲಿಗೆ ಕಟ್ಟಿ ಬದುಕುವ ನಮ್ಮವರ ಎಷ್ಟು ವರ್ಷದ ದುಡಿಮೆ ಆ ಪೆಟ್ಟಿಗೆಗೆ ಸಮವಾದೀತು ಎಂದು ನೀವೇ ಲೆಕ್ಕ ಹಾಕಿ.

ಬೆಲೆಯ ಮಾತು ಹಾಗಿರಲಿ. ಅಂಥ ಆಯುಧವನ್ನು ಆರಿಸುವವರು ಏನೇನು ತಿಳಿದಿರಬೇಕು ಎಂಬುದನ್ನೂ ಹೇಳುತ್ತೇನೆ. ಗೊತ್ತಿಲ್ಲದ ವಸ್ತುವಿನ ಮೇಲೆ ಆಸೆಯೂ ಹೆಚ್ಚು, ಹೆದರಿಕೆಯೂ ಹೆಚ್ಚು. ಕೈಯಲ್ಲಿ ಹಿಡಿಯುವ ಬಂದೂಕುಗಳಲ್ಲಿ ಎರಡು ಬಗೆ. ರಿವಾಲ್ವರಿನಲ್ಲಿ ಗುಂಡುಗಳು ತಿರುಗುವ ಉರುಳೆಯಲ್ಲಿರುತ್ತವೆ. ಪಿಸ್ತೂಲಿನಲ್ಲಿ ಹಿಡಿಯ ಒಳಗಿನ ಕೊಳವೆಪೆಟ್ಟಿಗೆಯಲ್ಲಿರುತ್ತವೆ, ಮೊದಲ ಗುಂಡು ಸಿದ್ಧವಾಗಲು ಮೇಲಿನ ಭಾಗವನ್ನು ಬಲವಾಗಿ ಹಿಂದಕ್ಕೆ ಎಳೆಯಬೇಕು. ಸೇನೆ, ಪೊಲೀಸರು ಬಳಸುವ 9 ಮಿಲಿಮೀಟರಿನ ಪಿಸ್ತೂಲಿಗೆ ಸಾಮಾನ್ಯ ನಾಗರಿಕರಿಗೆ ಪರವಾನಿಗೆ ಸಿಗುವುದಿಲ್ಲ. ಇಲ್ಲಿ ಸಿಗುವುದು ಹೆಚ್ಚಾಗಿ .32 ಬೋರಿನದು. ಚಿಕ್ಕದು ಸುಲಭ ಎಂದು ನಾವು ತಿಳಿಯುತ್ತೇವೆ. ನಿಜ ಬೇರೆ. ಆಯುಧ ಎಷ್ಟು ಚಿಕ್ಕದೋ ಹಗುರವೋ ಅಷ್ಟೂ ಅದು ಕೈಯಲ್ಲಿ ಹೆಚ್ಚು ಒದೆಯುತ್ತದೆ, ಗುರಿ ತಪ್ಪುವುದೂ ಹೆಚ್ಚು. ಚಿಕ್ಕ ಪಿಸ್ತೂಲಿಗೆ ಹೆಚ್ಚು ಅಭ್ಯಾಸ ಬೇಕು. ಒಂದು ದಿನ ತರಬೇತಿ ಪಡೆದು ಕಪಾಟಿನಲ್ಲಿ ಇಟ್ಟರೆ ಆ ಅಭ್ಯಾಸ ಉಳಿಯುವುದಿಲ್ಲ.

ಇನ್ನು ಒರೆಯ ಮಾತು. ಕತ್ತಿಗೆ ಒರೆ ಇದ್ದಂತೆ ಪಿಸ್ತೂಲಿಗೂ ಒರೆ ಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಹೋಲ್‌ಸ್ಟರ್ ಎನ್ನುತ್ತಾರೆ. ಒಳ್ಳೆಯ ಒರೆಗೆ ಮೂರು ಗುಣ ಇರಬೇಕು. ಕುದುರೆ, ಅಂದರೆ ಬೆರಳಿನಿಂದ ಎಳೆಯುವ ಭಾಗ, ಪೂರ್ತಿ ಮುಚ್ಚಿರಬೇಕು. ಇಲ್ಲದಿದ್ದರೆ ಸೆರಗಿನ ತುದಿಯೋ ಕೀಲಿಗೊಂಚಲೋ ಸಿಕ್ಕಿಕೊಂಡು ಗುಂಡು ಹಾರಿಬಿಡಬಹುದು. ಬಗ್ಗಿದರೂ ಓಡಿದರೂ ಆಯುಧ ಜಾರಬಾರದು. ಯಾವಾಗಲೂ ಮೈಮೇಲೆ ಒಂದೇ ಜಾಗದಲ್ಲಿ, ಒಂದೇ ಕೈಗೆ ಸಿಗುವಂತೆ ಇರಬೇಕು. ಇದಕ್ಕೆ ಸೊಂಟಕ್ಕೆ ಗಟ್ಟಿ ಬೆಲ್ಟು ಬೇಕು. ನಾವು ಉಡುವುದು ಸೀರೆ, ಚೂಡಿದಾರ, ಮನೆಯಲ್ಲಿ ನೈಟಿ. ಹಾಗಾದರೆ ಕೈಚೀಲದಲ್ಲಿ ಇಟ್ಟುಕೊಳ್ಳೋಣ ಎಂದರೆ ಅದಕ್ಕಿಂತ ಅಪಾಯ ಬೇರೆ ಇಲ್ಲ. ನಮ್ಮ ಚೀಲದಲ್ಲಿ ಬಸ್ಸಿನ ಚಿಲ್ಲರೆ, ಸಂಘದ ಪಾಸ್‌ಬುಕ್, ಮಗುವಿನ ಬಿಸ್ಕತ್ತು ಎಲ್ಲ ಇರುತ್ತದೆ. ಮನೆಗೆ ಬಂದ ಕೂಡಲೇ ಅದನ್ನು ಮೊದಲು ತೆರೆಯುವುದು ಮಗುವೇ. ಎಳೆದುಕೊಳ್ಳುವವನ ಕೈಗೆ ಸುಲಭವಾಗಿ ಸಿಗುವುದೂ ಚೀಲವೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಷ್ಟೆಲ್ಲ ಲೆಕ್ಕಾಚಾರ ದಾರಿಯಲ್ಲಿ ಎದುರಾಗುವ ಅಪರಿಚಿತನನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ್ದು. ನಮ್ಮಲ್ಲಿ ಹೆಚ್ಚಿನವರ ಆಪತ್ತು ದಾರಿಯಲ್ಲಿ ಇಲ್ಲ. ಅದು ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ, ಊಟದ ತಟ್ಟೆಯ ಎದುರು ಕುಳಿತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಆ ಹೆಣ್ಣುಮಕ್ಕಳನ್ನು ಕೊಂದವರು ಕತ್ತಲ ದಾರಿಯಲ್ಲಿ ಕಾದು ನಿಂತವರಲ್ಲ.

ಮನೆಯೊಳಗಿನ ಹಿಂಸೆಗೆ ಸೊಂಟದ ಪಿಸ್ತೂಲು ಹೇಗೆ ಒದಗೀತು? ಆತನಿಗೆ ನಿಮ್ಮ ಕಪಾಟು ಗೊತ್ತು, ಕೀಲಿ ಇಡುವ ಜಾಗ ಗೊತ್ತು, ನೀವು ಯಾವಾಗ ಮಲಗುತ್ತೀರಿ ಎಂಬುದೂ ಗೊತ್ತು. ನೀವು ತಂದ ಆಯುಧ ಒಂದು ವಾರದೊಳಗೆ ಆತನ ಆಯುಧವಾಗುತ್ತದೆ. ಅಮೆರಿಕದಲ್ಲಿ ಎಷ್ಟೋ ಮನೆಗಳಲ್ಲಿ ಬಂದೂಕು ಇರುವುದರಿಂದ ಈ ವಿಷಯದಲ್ಲಿ ಅವರ ಅನುಭವ ನಮಗಿಂತ ಹೆಚ್ಚು. ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ದಾದಿಯರ ಶಿಕ್ಷಣದ ಪ್ರಾಧ್ಯಾಪಕಿ ಮತ್ತು ಅವರ ಸಂಗಡಿಗರು 11 ನಗರಗಳಲ್ಲಿ ಅಧ್ಯಯನ ಮಾಡಿ 2003ರಲ್ಲಿ ಅದನ್ನು ಪ್ರಕಟಿಸಿದರು. ಹೊಡೆಯುವ ಗಂಡನ ಕೈಗೆ ಬಂದೂಕು ಸಿಗುವಂತಿದ್ದರೆ ಹೆಂಡತಿ ಕೊಲೆಯಾಗುವ ಸಂಭವ ಐದು ಪಟ್ಟಿನಷ್ಟು ಹೆಚ್ಚುತ್ತದೆ ಎಂದು ಅವರು ಕಂಡುಕೊಂಡರು. ಬಂದೂಕಿನ ಮೇಲೆ ಅಷ್ಟು ಮೋಹ ಇರುವ ಆ ದೇಶವೇ 1996ರಲ್ಲಿ, ಮನೆಯವರಿಗೆ ಹೊಡೆದ ಅಪರಾಧ ಸಾಬೀತಾದವನು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನು ಮಾಡಿತು. ಹೆಂಡತಿಯ ರಕ್ಷಣೆಗಾಗಿ ನ್ಯಾಯಾಲಯದ ಆದೇಶ ಇರುವವನಿಂದ ಬಂದೂಕನ್ನು ದೂರ ಇಡುವುದು ಸರಿ ಎಂದು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಇದೆಲ್ಲ ಅಮೆರಿಕದ ಮಾತಾಯಿತು, ನಮಗೇನು ಎಂದು ನೀವು ಕೇಳಬಹುದು. ಗೆಳತಿಯರೇ, ನಮ್ಮ ಮನೆಯ ಗೋಡೆಯನ್ನೊಮ್ಮೆ ನೋಡಿಕೊಳ್ಳಿ. ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಕೋವಿ ಹೊಸದಲ್ಲ. ಮಂಗ, ಕಾಡುಹಂದಿಯ ಉಪದ್ರದಿಂದ ಬೆಳೆ ಉಳಿಸಲು ಪರವಾನಿಗೆಯ ಕೋವಿ ಇಟ್ಟವರು ಎಷ್ಟೋ ಮಂದಿ. ನೆರೆಯ ಕೊಡಗಿನಲ್ಲಂತೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಿಗೆಯಿಂದಲೇ ವಿನಾಯಿತಿ ಉಂಟು. ಅಡಿಕೆಯ ಎಳೆಕಾಯಿಗಳನ್ನು ಮಂಗಗಳು ಉದುರಿಸಿಹಾಕುವಾಗ ರೈತನಿಗೆ ಆಗುವ ಸಂಕಟ ನಮಗೂ ಗೊತ್ತು. ಆ ತೋಟದಲ್ಲಿ ದುಡಿಯುವವರು ನಾವೇ ಅಲ್ಲವೇ? ತೋಟದ ಕೋವಿಯ ವಿಷಯದಲ್ಲಿ ನಮ್ಮ ತಕರಾರಿಲ್ಲ. ತೋಟಕ್ಕೆಂದು ತಂದ ಕೋವಿ ಮನೆಯೊಳಗೆ ಯಾವ ಕೆಲಸಕ್ಕೆ ಬಳಕೆಯಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿಯ ಕಥೆ ಹೇಳುತ್ತೇನೆ. ಹೆಸರು, ಊರು ಬೇಡ. ಮದುವೆಯಲ್ಲಿ ಮಾತಾಡಿದ್ದ ಚಿನ್ನದಲ್ಲಿ ಸ್ವಲ್ಪ ಬಾಕಿ ಉಳಿದಿತ್ತು. ತವರಿನವರು ತಂಗಿಗೆ ಮದುವೆ ಮಾಡುವಾಗ ಆ ಬಾಕಿಯ ಮಾತು ಮತ್ತೆ ಎದ್ದಿತು. ಗಂಡ ಅವಳಿಗೆ ಹೊಡೆಯಲಿಲ್ಲ. ಬೈದದ್ದೂ ಕಡಮೆ. ಚಿನ್ನದ ಮಾತು ಬಂದ ರಾತ್ರಿಗಳಲ್ಲಿ ಆತ ಗೋಡೆಯಿಂದ ಕೋವಿ ಇಳಿಸಿ ಮಂಚದ ಮೇಲೆ ಕುಳಿತು ಒರೆಸುತ್ತಿದ್ದ, ಅಷ್ಟೇ. ನಳಿಗೆಗೆ ಎಣ್ಣೆ ಹಾಕುತ್ತಿದ್ದ. ತೋಟೆಗಳನ್ನು ಒಂದೊಂದಾಗಿ ಹಾಸಿಗೆಯ ಮೇಲೆ ಸಾಲಾಗಿ ಇಡುತ್ತಿದ್ದ. ಮತ್ತೆ ಎಲ್ಲ ಎತ್ತಿಟ್ಟು ಮಲಗುತ್ತಿದ್ದ. ಆರು ವರ್ಷ ಹೀಗೆ ನಡೆಯಿತು. ಒಂದು ಗುಂಡೂ ಹಾರಲಿಲ್ಲ. ಅವಳ ಮೈಮೇಲೆ ಒಂದು ಗಾಯವೂ ಇರಲಿಲ್ಲ. ತವರಿನಲ್ಲಿ ಹೇಳಿದರೆ, "ಅವನು ಕೋವಿ ಒರೆಸಿದರೆ ನಿನಗೇನು?" ಎಂದರು. ಒಂದು ಕಚೇರಿಗೆ ಹೋಗಿ ಹೇಳಿದಳು. "ಲೈಸೆನ್ಸ್ ಉಂಟಲ್ಲಮ್ಮ, ತಪ್ಪೇನು?" ಎಂದರು.

ಅವಳಿಗೆ ಧೈರ್ಯ ಬಂದದ್ದು ಒಂದು ಚುನಾವಣೆಯ ಸಮಯದಲ್ಲಿ. ಚುನಾವಣೆ ಬಂದಾಗ ನಮ್ಮ ಜಿಲ್ಲೆಯಲ್ಲಿ ಪರವಾನಿಗೆಯ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವ ಪದ್ಧತಿ ನಿಮಗೆ ಗೊತ್ತಿದೆ. ಬೆಳೆಗೆ ತೊಂದರೆಯಾಗುತ್ತದೆ ಎಂದು ರೈತರು ಇದನ್ನು ವಿರೋಧಿಸಿ ಹೈಕೋರ್ಟಿನವರೆಗೂ ಹೋದದ್ದುಂಟು. ಅವರ ಕಷ್ಟ ಸುಳ್ಳಲ್ಲ. ಆದರೆ ಆ ಕೆಲವು ವಾರ ಗೋಡೆಯ ಮೊಳೆ ಖಾಲಿಯಾಗಿದ್ದಾಗ ಅವಳು ಆರು ವರ್ಷದಲ್ಲಿ ಮೊದಲ ಬಾರಿಗೆ ಸರಿಯಾಗಿ ನಿದ್ದೆ ಮಾಡಿದಳಂತೆ. "ಟೀಚರೇ, ಕೋವಿ ಇಲ್ಲದ ಮನೆ ಹೇಗಿರ್ತದೆ ಅಂತ ಆಗ ಗೊತ್ತಾಯಿತು" ಎಂದಳು. ಕೋವಿ ಹಿಂದೆ ಬರುವ ಮೊದಲೇ ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಅರ್ಜಿ ಕೊಟ್ಟಳು.

ಗುಂಡು ಹಾರಿಸದೆಯೂ ಕೋವಿ ಹಿಂಸೆ ಮಾಡುತ್ತದೆ. ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ, ಕಾನೂನಿನ ಮಾತೂ ಹೌದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಅದರ 3ನೇ ಕಲಂ ಹೊಡೆತವನ್ನು ಮಾತ್ರ ದೌರ್ಜನ್ಯ ಎನ್ನುವುದಿಲ್ಲ. ಮಾನಸಿಕ ಹಿಂಸೆ, ಬೆದರಿಕೆ, ವರದಕ್ಷಿಣೆಗಾಗಿ ಕಾಡುವುದು ಎಲ್ಲವೂ ಅದರಲ್ಲಿ ಸೇರಿವೆ. ಈ ಕಾಯ್ದೆಯ 2006ರ ನಿಯಮಗಳಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಮಾತಿದೆ. ಮ್ಯಾಜಿಸ್ಟ್ರೇಟರು ಲಿಖಿತವಾಗಿ ಆದೇಶಿಸಿದರೆ, ದೌರ್ಜನ್ಯಕ್ಕೆ ಬಳಕೆಯಾದ ಆಯುಧವನ್ನು ರಕ್ಷಣಾಧಿಕಾರಿ ಪೊಲೀಸರ ಸಹಾಯ ಪಡೆದು ವಶಪಡಿಸಿಕೊಳ್ಳಬೇಕು ಎಂದು 10ನೇ ನಿಯಮ ಹೇಳುತ್ತದೆ. ಕೋವಿಗೆ ಲೈಸೆನ್ಸ್ ಇದೆಯೇ ಇಲ್ಲವೇ ಎಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ.

ಎರಡನೆಯ ದಾರಿ ಜಿಲ್ಲಾಧಿಕಾರಿಗಳದ್ದು. ಕೋವಿಯ ಪರವಾನಿಗೆ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ. ಕೊಟ್ಟವರಿಗೆ ಹಿಂದೆ ಪಡೆಯುವ ಅಧಿಕಾರವೂ ಇದೆ. ಸಾರ್ವಜನಿಕ ಶಾಂತಿ, ಸುರಕ್ಷತೆಗೆ ಅಗತ್ಯ ಎಂದು ಕಂಡರೆ, ಅಥವಾ ಪರವಾನಿಗೆದಾರನು ಆಯುಧ ಇಟ್ಟುಕೊಳ್ಳಲು ಯೋಗ್ಯನಲ್ಲ ಎಂದು ಕಂಡರೆ 17ನೇ ಕಲಮಿನಂತೆ ಪರವಾನಿಗೆಯನ್ನು ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು. ಹಿಂಸೆಯ ಅಪರಾಧಕ್ಕಾಗಿ ಶಿಕ್ಷೆಯಾದವನು ಶಿಕ್ಷೆ ಮುಗಿದ ಮೇಲೂ ಐದು ವರ್ಷ ಕೋವಿ ಇಟ್ಟುಕೊಳ್ಳುವಂತಿಲ್ಲ ಎಂದು 9ನೇ ಕಲಂ ಹೇಳುತ್ತದೆ. ಪರವಾನಿಗೆ ಇಲ್ಲದ ನಾಡಕೋವಿಯಾದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ ಸೆರೆವಾಸ. ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಗೆ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಗಂಡನ ಹೆಸರು, ಮನೆಯ ವಿಳಾಸ, ಯಾವ ದಿನ ಯಾರ ಎದುರು ಕೋವಿ ತೋರಿಸಿ ಹೆದರಿಸಿದ ಎಂಬುದು, ಇಷ್ಟು ಸಾಕು. ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ.

ಮೊದಲ ತರುಣಿಯ ಪ್ರಶ್ನೆಗೆ ಮರಳುತ್ತೇನೆ. ಪಿಸ್ತೂಲಿನ ಪರವಾನಿಗೆಗೂ ಆಕೆ ಅರ್ಜಿ ಬರೆಯಬೇಕು. 21 ವರ್ಷ ತುಂಬಿರಬೇಕು, ವೈದ್ಯರ ಪ್ರಮಾಣಪತ್ರ ಬೇಕು, ತರಬೇತಿ ಆಗಿರಬೇಕು, ಪೊಲೀಸರ ವಿಚಾರಣೆ ನಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತನ್ನ ಜೀವಕ್ಕೆ ಗಂಭೀರ ಅಪಾಯ ಇದೆ, ಇಂಥವರಿಂದ ಇದೆ ಎಂದು ಬರೆದುಕೊಡಬೇಕು. ಅಂದರೆ "ನನ್ನ ಗಂಡನಿಂದ ನನ್ನ ಜೀವಕ್ಕೆ ಅಪಾಯ ಇದೆ" ಎಂಬ ಒಂದು ವಾಕ್ಯವನ್ನು ಹೇಗಿದ್ದರೂ ಬರೆಯಲೇಬೇಕು. ಅದೇ ವಾಕ್ಯವನ್ನು ಮ್ಯಾಜಿಸ್ಟ್ರೇಟರಿಗೆ ಬರೆದರೆ ಲಕ್ಷ ರೂಪಾಯಿ ಬೇಡ, ಒರೆಯೂ ಬೇಡ. 12ನೇ ಕಲಮಿನ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಿಗದಿಯಾಗಬೇಕು, 60 ದಿನದೊಳಗೆ ತೀರ್ಮಾನಕ್ಕೆ ಪ್ರಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆಪತ್ತು ದೊಡ್ಡದಿದ್ದರೆ 23ನೇ ಕಲಮಿನಂತೆ ಎದುರು ಪಕ್ಷವನ್ನು ಕೇಳದೆಯೇ ಮಧ್ಯಂತರ ಆದೇಶ ಕೊಡಬಹುದು. ರಕ್ಷಣಾ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ, ಪರಿಹಾರ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆ ಅಥವಾ 20 ಸಾವಿರದವರೆಗೆ ದಂಡ, ಅಥವಾ ಎರಡೂ.

ಕೋರ್ಟಿನಲ್ಲಿ 60 ದಿನದೊಳಗೆ ಎಲ್ಲ ಮುಗಿಯುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ತಾರೀಕಿನ ಮೇಲೆ ತಾರೀಕು ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಅರ್ಜಿ ಹಾಕಿದ ಹೆಣ್ಣಿಗೆ "ಸಂಸಾರ ಅಂದ ಮೇಲೆ ಇದೆಲ್ಲ ಇರ್ತದೆ" ಎಂದು ಬುದ್ಧಿ ಹೇಳುವವರು ಬಾಗಿಲು ಬಾಗಿಲಲ್ಲೂ ಸಿಗುತ್ತಾರೆ. ಆ ಬೇಸರದಿಂದಲೇ ಪಿಸ್ತೂಲಿನ ಯೋಚನೆ ಬರುತ್ತದೆ ಎಂಬುದೂ ನನಗೆ ಗೊತ್ತು. ಕಾನೂನು ಕಾಯದಿದ್ದಾಗ ಹೆಣ್ಣು ತಾನೇ ಕಾಯ್ದುಕೊಳ್ಳಬಾರದೇ? ಖಂಡಿತ ಕಾಯ್ದುಕೊಳ್ಳಬೇಕು. ಆತ್ಮರಕ್ಷಣೆಯ ಹಕ್ಕನ್ನು ಹಿಂದೆ ದಂಡಸಂಹಿತೆ ಕೊಟ್ಟಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಕೊಟ್ಟಿದೆ. ಪ್ರಾಣಕ್ಕೆ, ಮಾನಕ್ಕೆ ಎರಗಿದವನನ್ನು ಎದುರಿಸುವಾಗ ಕೈಗೆ ಸಿಕ್ಕಿದ್ದನ್ನು ಎತ್ತಿದ ಹೆಣ್ಣನ್ನು ಕಾನೂನು ಅಪರಾಧಿ ಎನ್ನುವುದಿಲ್ಲ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು ಅಷ್ಟೇ. ಆ ಹಕ್ಕಿಗೆ ಲೈಸೆನ್ಸ್ ಬೇಡ. ಆದರೆ ಪಿಸ್ತೂಲು ಕೊಂಡು ಹೊಂಚಿ ಕೂರುವ ಬದುಕು ಬಿಡುಗಡೆಯ ಬದುಕಲ್ಲ. ಆತನ ಕೋವಿಗೆ ಹೆದರಿ ಬದುಕಿದವಳು ತನ್ನದೇ ಕೋವಿಯನ್ನು ಕಾಯುತ್ತಾ ಬದುಕಬೇಕಾಗುತ್ತದೆ. ಒಂಟಿಯಾಗಿ ಆಯುಧ ಹಿಡಿದವಳು ಒಂಟಿಯಾಗಿಯೇ ಉಳಿಯುತ್ತಾಳೆ.

ಹಾಗಾದರೆ ನಮ್ಮ ಒರೆ ಯಾವುದು? ಅದು ಸಂಘ. ಇದನ್ನು ಭಾಷಣದ ಮಾತಾಗಿ ಬಿಡದೆ ಕೆಲಸವಾಗಿ ಮಾಡೋಣ. ಪ್ರತಿ ಸಂಘವೂ ಮುಂದಿನ ಸಭೆಯಲ್ಲಿ ಈ ನಾಲ್ಕು ನಿರ್ಣಯ ಬರೆದುಕೊಳ್ಳಲಿ.

ಒಂದು. ಯಾವ ಸದಸ್ಯೆಯ ಮನೆಯಲ್ಲಿ ಕೋವಿ ಇದೆ, ಅದರಿಂದ ಅವಳಿಗೆ ಹೆದರಿಕೆ ಇದೆಯೇ ಎಂದು ಕೇಳಬೇಕು. ಸಭೆಯಲ್ಲಿ ಎಲ್ಲರ ಎದುರು ಬೇಡ, ಒಬ್ಬೊಬ್ಬರನ್ನೇ ಗುಟ್ಟಾಗಿ ಕೇಳಬೇಕು. ಕೇಳಿದ್ದು ಹೊರಗೆ ಹೋಗಬಾರದು.

ಎರಡು. ಹೆದರಿಕೆ ಇದೆ ಎಂದವಳ ಆಧಾರ್, ಪಾಸ್‌ಬುಕ್, ಪಡಿತರ ಚೀಟಿ, ಮಕ್ಕಳ ಜನನಪತ್ರದ ನಕಲುಗಳು ಮತ್ತು ಒಂದು ಜೊತೆ ಬಟ್ಟೆ ನಂಬಿಕೆಯ ಒಂದು ಮನೆಯಲ್ಲಿ ಇರಲಿ. ರಾತ್ರಿ ಎದ್ದು ಓಡಬೇಕಾದರೆ ಯಾವ ಬಾಗಿಲು ತಟ್ಟಬೇಕು ಎಂಬುದು ಮೊದಲೇ ಗೊತ್ತಿರಲಿ. ಜಗಳ ಏರಿದಾಗ ಕೋವಿ ಇರುವ ಕೋಣೆಗೂ ಕತ್ತಿ ಇರುವ ಅಡುಗೆಮನೆಗೂ ಹೋಗದೆ ಅಂಗಳಕ್ಕೆ ಬರಬೇಕು ಎಂದು ಅವಳಿಗೆ ಹೇಳಿಕೊಡಿ. ಕೋವಿಯನ್ನು ಅವಳೇ ಬಚ್ಚಿಡಲು ಹೋಗಬಾರದು. ಮನೆ ಬಿಟ್ಟು ಹೊರಡುವ ದಿನವೇ ಅತಿ ಅಪಾಯದ ದಿನ, ಆ ದಿನ ಅವಳನ್ನು ಒಬ್ಬಳೇ ಬಿಡಬಾರದು.

ಮೂರು. ನಂಬರುಗಳು ಬಾಯಿಪಾಠ ಆಗಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ರಕ್ಷಣಾಧಿಕಾರಿ, ಅಂಗನವಾಡಿ ಕಾರ್ಯಕರ್ತೆಗೆ ಅವರ ಕಚೇರಿ ಗೊತ್ತಿರುತ್ತದೆ. ಪುತ್ತೂರಿನಲ್ಲಿ ಮಹಿಳಾ ಪೊಲೀಸ್ ಠಾಣೆ ಇದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಇದು 1987ರ ಕಾಯ್ದೆ ಕೊಟ್ಟ ಹಕ್ಕು, ಯಾರ ದಾನವೂ ಅಲ್ಲ.

ನಾಲ್ಕು. ಅರ್ಜಿ ಕೊಡಲು ಹೋಗುವ ಹೆಣ್ಣಿನ ಜೊತೆ ಸಂಘದ ಇಬ್ಬರಾದರೂ ಹೋಗಬೇಕು. ಅವರ ಆ ದಿನದ ಕೂಲಿ, ಬಸ್ಸಿನ ಖರ್ಚು ಸಂಘದ ನಿಧಿಯಿಂದ ಆಗಲಿ. ದನ ಕೊಳ್ಳಲು ಸಾಲ ಕೊಡುವ ಸಂಘ ಜೀವ ಉಳಿಸಲು ನೂರಿನ್ನೂರು ರೂಪಾಯಿ ಕೊಡದಿದ್ದರೆ ಆ ಉಳಿತಾಯ ಯಾತಕ್ಕೆ?

ಆ ಹಳೆಯ ವಿದ್ಯಾರ್ಥಿನಿಯ ಮನೆಗೆ ಕೋವಿ ಮರಳಿ ಬರಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ, ಸಂಸಾರ ಸರಿಹೋಯಿತೆಂದೂ ನಾನು ಹೇಳಲಾರೆ. ಕೋವಿ ತೂಗುಹಾಕುತ್ತಿದ್ದ ಮೊಳೆಯಲ್ಲಿ ಈಗ ಮಗಳ ಶಾಲೆಯ ಚೀಲ ನೇತಾಡುತ್ತದೆಯಂತೆ.

ಕಡಬದ ಆ ತರುಣಿಯನ್ನು ಹುಡುಕಿಕೊಂಡು ಹೋದ ವಾರ ಅವಳ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅಡಿಕೆ ಒಣಹಾಕುತ್ತಿದ್ದಳು. "ಟೀಚರೇ, ಪಿಸ್ತೂಲಿಗೆ ಎಷ್ಟು ಅಂತ ಹೇಳಲಿಕ್ಕೆ ಬಂದಿರಾ?" ಎಂದಳು. "ಅಲ್ಲ ಮಗಾ, ನೀನು ಯಾಕೆ ಕೇಳಿದೆ ಅಂತ ಕೇಳಲಿಕ್ಕೆ ಬಂದೆ" ಎಂದೆ. ಅವಳು ಒಳಗೆ ಹೋಗಿ ನನಗೊಂದು ಮಣೆ ತಂದು ಹಾಕಿದಳು, ಮತ್ತೆ ಮಾತಾಡತೊಡಗಿದಳು. ನಿಮ್ಮ ಸಂಘದಲ್ಲಿಯೂ ಇಂಥ ಪ್ರಶ್ನೆ ಕೇಳಿದ, ಅಥವಾ ಕೇಳಲಾರದೆ ಕುಳಿತ ಒಬ್ಬಳು ಇದ್ದಾಳೆ. ಮುಂದಿನ ಸಭೆಯವರೆಗೆ ಕಾಯಬೇಡಿ.